ಹಲಗೆಯ ಹಿಂದೆ ಯಾರು ಬಡಿದರು?

ನನ್ನ ಅಂಗಡಿಯ ಮುಂದೆ ಹಾದುಹೋಗುವವರು ಷಟರನ್ನು ಎರಡು ಸಲ ಬಡಿದೇ ಮುಂದೆ ಹೋಗುತ್ತಾರೆ. ಟಕ್ ಟಕ್. ಇಪ್ಪತ್ತೇಳು ವರ್ಷದಿಂದ ಇದೇ ನಡೆದಿದೆ. ಎದುರಿನ ಗಡಿಯಾರ ರಿಪೇರಿಯ ರಶೀದ ಅಹ್ಮದನಂತೂ ಒಂದು ದಿನವೂ ತಪ್ಪಿಸಿದವನಲ್ಲ. ನಾನು ಶರಫೋದ್ದೀನ, ಬೀದರಿನ ಚೌಬಾರಾ ಗೋಪುರದ ಹತ್ತಿರ ಬೋರ್ಡು ಬರೆಯುವ ಪೇಂಟರ್. ಊರಿನ ಅರ್ಧ ಅಂಗಡಿಗಳ ಹೆಸರು ನನ್ನ ಕುಂಚದಿಂದಲೇ ಬಂದದ್ದು. ಊರು ನನಗೆ ಇಟ್ಟ ಹೆಸರು ಮಾತ್ರ 'ಟಕ್ ಟಕ್ ಶರಫೋದ್ದೀನ'.

ಇದು ೧೯೯೮ರ ಪ್ರಸಾದ. ಆಗ ಭಾಲ್ಕಿಯ ಕೇಬಲ್ ಟೀವಿಯವರು 'ಜೋಡಿ ಬಾಗಿಲು' ಎಂಬ ಆಟ ನಡೆಸುತ್ತಿದ್ದರು. ಒಂದು ದೊಡ್ಡ ಹಲಗೆ, ಅದರ ತುಂಬ ಮೂವತ್ತಾರು ಪುಟ್ಟ ಬಾಗಿಲು, ಒಂದೊಂದರ ಒಳಗೆ ಒಂದೊಂದು ಚಿತ್ರದ ಕಾರ್ಡು. ಒಂದೇ ಚಿತ್ರ ಎರಡು ಕಡೆ ಇರುತ್ತಿತ್ತು. ಆಡುವವರು ಎರಡು ನಂಬರು ಹೇಳಬೇಕು. ಚಿತ್ರ ಜೋಡಿಯಾದರೆ ಮತ್ತೆ ಅವರದೇ ಸರದಿ, ಇಲ್ಲದಿದ್ದರೆ ಬಾಗಿಲು ಮುಚ್ಚಿ ಎದುರಿನವರ ಸರದಿ. ಆ ಹಲಗೆ ಮಾಡಿದವನು ನಾನು, ಹಿಂದೆ ನಿಂತು ದಾರ ಎಳೆದು ಬಾಗಿಲು ತೆರೆಯುತ್ತಿದ್ದವನೂ ನಾನೇ. ಮುಂದೆ ಮೈಕು ಹಿಡಿದು ನಗಿಸುತ್ತಿದ್ದವನು ಅಶೋಕಕುಮಾರ, ಆಗಷ್ಟೇ ಕಾಲೇಜು ಮುಗಿಸಿದ್ದ ತರುಣ.

ಒಂದು ವಾರ ಔರಾದ ಕಡೆಯ ಡಾಬಕಾದಿಂದ ಪುತಳಾಬಾಯಿ ಎಂಬ ಹೆಣ್ಣುಮಗಳು ಆಡಲು ಬಂದರು. ಕುರಿ ಕಾಯುವವರು, ಶಾಲೆಯ ಮುಖ ನೋಡಿದವರಲ್ಲ. ಎದುರಿಗೆ ಕೂತವರು ಕಾಲೇಜಿನ ಲೆಕ್ಚರರ್. ಪುತಳಾಬಾಯಿ ಒಂದರ ಹಿಂದೊಂದು ಎಂಟು ಜೋಡಿ ತೆಗೆದರು. ಲೆಕ್ಚರರ್ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಅಶೋಕಕುಮಾರ ಮೈಕಿನಲ್ಲಿ ನಕ್ಕ.

"ಏನ್ರಿ ಬಾಯಿ, ಹಿಂದಿಂದ ಯಾರರ ಬಡದು ಹೇಳ್ಲಾಕತ್ತಾರೇನು?"

ಜನ ಹೋ ಎಂದು ನಕ್ಕರು. ಪುತಳಾಬಾಯಿ ಸೆರಗು ಸರಿಮಾಡಿಕೊಂಡು, ಆಟ ಅರ್ಧಕ್ಕೇ ಬಿಟ್ಟು, ಎದ್ದು ಹೋದರು. ಹಿಂದಿನಿಂದ ಬಡಿದು ಹೇಳಿದವನು ಶರಫೋದ್ದೀನ, ಕಳ್ಳಾಟ ಸಿಕ್ಕಿಬಿತ್ತು, ಅದಕ್ಕೇ ಓಡಿಹೋದಳು ಎಂದು ಊರು ತೀರ್ಪು ಕೊಟ್ಟಿತು. ಹಲಗೆಯ ಹಿಂದಿನಿಂದ ಕಾರ್ಡುಗಳ ಬಿಳಿ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ, ಬೇಕಾದರೆ ಬಂದು ನೋಡಿ ಎಂದು ನಾನು ಗಂಟಲು ಹರಿಯುವಷ್ಟು ಕೂಗಿದೆ. ನಗಲು ಎಲ್ಲರಿಗೂ ಪುರುಸೊತ್ತಿತ್ತು, ಹಿಂದೆ ಬಂದು ನೋಡಲು ಒಬ್ಬರಿಗೂ ಇರಲಿಲ್ಲ. ಆಟವೂ ನಿಂತಿತು, ಹಲಗೆ ನನ್ನ ಅಂಗಡಿಯ ಮೂಲೆ ಸೇರಿತು.

ಹೋದ ತಿಂಗಳು ಶಿವಕಾಂತ ಎಂಬ ತರುಣ ಹುಡುಕಿಕೊಂಡು ಬಂದ. ಬೀದರಿನಲ್ಲಿ ಚಾನೆಲ್ ನಡೆಸುತ್ತಾನಂತೆ. ಹಳೆಯ ಆಟಗಳನ್ನು ಮತ್ತೆ ಶುರುಮಾಡುತ್ತಾನಂತೆ, ಈ ಸಲ ಆಡುವವರೆಲ್ಲ ಸೆಲೆಬ್ರಿಟಿಗಳಂತೆ. ಔರಾದಿನ ರೀಲ್ಸ್ ಹುಡುಗಿ ಶೀತಲ ಬರುತ್ತಾಳೆ. ಅಶೋಕಕುಮಾರನೂ ಬರುತ್ತಾನೆ. ಅವನೀಗ ಧಾರಾವಾಹಿಯ ದೊಡ್ಡ ನಟ, ಮನೆಮನೆಯ ಮಾವ. ಹಲಗೆ ಮಾತ್ರ ಹಳೆಯದೇ ಬೇಕು.

"ಹಲಗಿ ಕೊಡ್ತೇನಿ," ಎಂದೆ. "ಆದ್ರ ಪುತಳಾಬಾಯಿ ಆಡಬೇಕು."

"ಚಾಚಾ, ಅವರು ಸೆಲೆಬ್ರಿಟಿ ಅಲ್ಲಲ್ರಿ."

"ಇಪ್ಪತ್ತೇಳು ವರ್ಷ ಊರೆಲ್ಲಾ ಬಾಯಿಗೆ ಹಾಕ್ಕೊಂಡು ತಿರುಗಿದ ಹೆಣ್ಣಮಗಳೋ ಅಕಿ. ಇನ್ನ ಯಾವ ಸೆಲೆಬ್ರಿಟಿ ಬೇಕು ನಿನಗ?"

ಶಿವಕಾಂತ ಹಲಗೆಯನ್ನು ನೋಡಿದ, ನನ್ನನ್ನು ನೋಡಿದ, ಹೂಂ ಎಂದ.

ಡಾಬಕಾಕ್ಕೆ ನಾನೇ ಹೋದೆ. ನಿಜ ಹೇಳುತ್ತೇನೆ, ನನ್ನೊಳಗೂ ಒಂದು ಅನುಮಾನ ಇತ್ತು. ನಾನಂತೂ ಬಡಿದಿರಲಿಲ್ಲ, ಬೇರೆ ಯಾರಾದರೂ ಸನ್ನೆ ಮಾಡಿದ್ದರೋ ಏನೋ ಎಂಬ ಅನುಮಾನ. ಹೊತ್ತು ಇಳಿಯುವಾಗ ಮುಟ್ಟಿದೆ. ಮೇಯಲು ಹೋಗಿದ್ದ ಕುರಿಗಳು ಆಗಷ್ಟೇ ಬಂದಿದ್ದವು. ಬಲೆ ಕಟ್ಟಿದ ದೊಡ್ಡಿಯೊಳಗೆ ಮರಿಗಳು ಒಂದೇ ಸಮನೆ ಒದರುತ್ತಿದ್ದವು. ಪುತಳಾಬಾಯಿ, ಈಗ ಅರವತ್ತರ ಹತ್ತಿರ, ಒಂದೊಂದೇ ಮರಿ ಎತ್ತಿ, ಆ ಗದ್ದಲದಲ್ಲಿ ಸೀದಾ ಅದರ ತಾಯಿಯ ಕೆಳಗೆ ಬಿಡುತ್ತಿದ್ದರು. ನಾನು ನೋಡುತ್ತ ನಿಂತೆ. ಒಂದೂ ತಪ್ಪಲಿಲ್ಲ.

"ಎಷ್ಟು ಮರಿ ಅದಾವ ಬಾಯಿ?"

"ನೂರಾ ಹತ್ತು. ತಾಯಿ ತಪ್ಪಿದ್ರ ಒದ್ದು ದಬ್ಬತೈತಿ, ಮರಿ ಉಪಾಸ ಬೀಳತೈತಿ. ನೆನಪಿಡಬೇಕು ನೋಡ್ರಿ ಭಾಯಿ." ಆಮೇಲೆ ನಕ್ಕರು. "ನಿಮ್ಮ ಬಾಗ್ಲ ಬರೇ ಮೂವತ್ತಾರಿದ್ವು."

ಅನುಮಾನ ಪಟ್ಟದ್ದಕ್ಕೆ ನನಗೆ ನಾಚಿಕೆಯಾಯಿತು. ಬಂದ ಕೆಲಸ ಹೇಳಿದೆ. ಅವರು ಕೈ ತೊಳೆದು ಬಂದು ಕೂತರು.

"ಬರ್ತೇನಿ. ಅವತ್ತ ಎದ್ದು ಬಂದಿದ್ದ ತಪ್ಪಾತು. ಕುಂತು ಆಡಬೇಕಿತ್ತು."

ಆಟದ ದಿನ ಬೀದರಿನ ರಂಗಮಂದಿರ ಮಧ್ಯಾಹ್ನಕ್ಕೇ ತುಂಬಿತ್ತು. ರಶೀದ ಅಹ್ಮದ ಮೂರನೆಯ ಸಾಲಿನಲ್ಲಿದ್ದ. ನನ್ನನ್ನು ನೋಡಿ ಕುರ್ಚಿಯ ಬೆನ್ನಿಗೆ ಟಕ್ ಟಕ್ ಬಡಿದ. ಕಾರ್ಡುಗಳನ್ನು ಶಿವಕಾಂತನ ಕಡೆಯವರೇ ಮುಂದಿನಿಂದ ಹಾಕಿದರು, ನಾನು ಹಲಗೆ ಮುಟ್ಟಲಿಲ್ಲ. ದಾರ ಹಿಡಿಯಲು ಹಿಂದೆ ಹೊರಟೆ, ಅಷ್ಟೇ. ಪುತಳಾಬಾಯಿ ತಡೆದರು.

"ಶರಫೋದ್ದೀನ ಭಾಯಿ ಮುಂದ ಕೂಡ್ಲಿ. ಹಿಂದ ಅಶೋಕಕುಮಾರ ಅವರು ನಿಂದ್ರಲಿ. ಅಂದ್ರ ಆಡ್ತೇನಿ."

ಜನ ಕೇಕೆ ಹಾಕಿದರು. ಅಶೋಕಕುಮಾರ ಜರಿಯ ಕೋಟು ಕಳಚಿ, ಎಲ್ಲರಿಗೂ ಕೈ ಮುಗಿದು, ನಗುತ್ತಲೇ ಹಿಂದೆ ಹೋದ. ನಾನು ಮೊದಲ ಸಾಲಿನಲ್ಲಿ ಕೂತೆ. ನಾನೇ ಮಾಡಿದ ಹಲಗೆಯಲ್ಲಿ ಆಟ ನಡೆಯುವುದನ್ನು ಮುಂದಿನಿಂದ ನಾನು ನೋಡುತ್ತಿದ್ದದ್ದು ಅದೇ ಮೊದಲು.

ಶೀತಲ ಚುರುಕಿನ ಹುಡುಗಿ, ನಾಲ್ಕು ಜೋಡಿ ತೆಗೆದಳು. ಅಷ್ಟು ಹೊತ್ತಿಗೆ ಬಹುತೇಕ ಎಲ್ಲ ಬಾಗಿಲುಗಳೂ ಒಮ್ಮೆ ತೆರೆದು ಮುಚ್ಚಿದ್ದವು. ಆಮೇಲೆ ಪುತಳಾಬಾಯಿಯ ಸರದಿ ಬಂತು. ಏಳು, ಮೂವತ್ತು. ಜೋಡಿ. ಹನ್ನೆರಡು, ಹತ್ತೊಂಬತ್ತು. ಜೋಡಿ. ಐದಾಯಿತು, ಆರಾಯಿತು. ಏಳನೆಯದನ್ನು ಹೇಳುವ ಮೊದಲೇ ಅಶೋಕಕುಮಾರನ ಕೈಯಿಂದ ದಾರ ಜಾರಿ, ಕಟ್ಟಿಗೆಗೆ ಏನೋ ತಗುಲಿ, ಹಲಗೆಯ ಹಿಂದಿನಿಂದ ಸದ್ದು ಬಂತು.

ಟಕ್.

ಇಡೀ ಸಭೆ ನಕ್ಕಿತು. ಅದೇ ನಗು, ಭಾಲ್ಕಿಯದೇ ನಗು. ಪುತಳಾಬಾಯಿಯ ಕೈ ಸೆರಗಿಗೆ ಹೋಯಿತು. ಏಳಬೇಡಿ ಬಾಯಿ, ಅಲ್ಲಾಹನ ಆಣೆ, ಇವತ್ತು ಏಳಬೇಡಿ ಎಂದು ನಾನು ಕೂತಲ್ಲೇ ಬೇಡಿಕೊಂಡೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಕುರ್ಚಿಯನ್ನು ಹಲಗೆಯ ಹತ್ತಿರಕ್ಕೆ ಎಳೆದುಕೊಂಡರು.

"ನಗೋದು ಮುಗೀತೇನ್ರಿ? ಮೂರು. ಇಪ್ಪತ್ತೆಂಟು."

ಜೋಡಿ. ಆಮೇಲೆ ಅವರು ನಿಲ್ಲಲಿಲ್ಲ. ಒಂದೊಂದು ಬಾಗಿಲು ತೆರೆದಂತೆ ನಗು ಕಡಿಮೆಯಾಯಿತು, ಆಮೇಲೆ ಪೂರ್ತಿ ನಿಂತಿತು, ಆಮೇಲೆ ಚಪ್ಪಾಳೆ ಶುರುವಾಯಿತು. ಕೊನೆಯ ಎರಡು ಬಾಗಿಲು ತೆರೆದಾಗ ಶೀತಲಳೇ ಎದ್ದು ಅವರ ಕಾಲು ಮುಟ್ಟಿದಳು. ಶೀತಲಳದು ನಾಲ್ಕು, ಪುತಳಾಬಾಯಿಯದು ಹದಿನಾಲ್ಕು.

ಅಶೋಕಕುಮಾರ ಬೆವರಿನಲ್ಲಿ ತೊಯ್ದು ಹೊರಗೆ ಬಂದ. ಪುತಳಾಬಾಯಿ ಶಿವಕಾಂತನ ಕೈಯಿಂದ ಮೈಕು ಇಸಕೊಂಡರು.

"ಏನ್ರಿ ಸಾಹೇಬರ, ಹಿಂದಿಂದ ಯಾರರ ಬಡದು ಹೇಳಿದ್ರೇನು?"

ಅಶೋಕಕುಮಾರ ನಗಿಸುವ ಮಾತು ಹುಡುಕುತ್ತಾನೆ ಎಂದುಕೊಂಡೆ. ಅವನು ಹುಡುಕಲಿಲ್ಲ.

"ಇಲ್ರಿ ಅಕ್ಕಾ," ಎಂದ. "ಹಿಂದ ಬರೇ ಬಿಳಿ ಕಾರ್ಡ ಕಾಣ್ತಾವ. ಬಡದು ಹೇಳೋದಕ್ಕ ಅಲ್ಲಿ ನಿಂತವಗ ಏನರ ಗೊತ್ತಿದ್ರಲ್ಲ? ಅವತ್ತ ನಾ ಒಮ್ಮೆ ಹಿಂದ ಹೋಗಿ ನೋಡಬೇಕಿತ್ತು. ನಿಮಗೂ ಶರಫೋದ್ದೀನ ಭಾಯಿಗೂ ಕೈ ಮುಗೀತೇನಿ."

ಜನ ಎದ್ದು ನಿಂತರು. ನಾನು ಅತ್ತೆ, ಮುಚ್ಚಿಟ್ಟು ಏನು ಮಾಡಲಿ? ಪುತಳಾಬಾಯಿ ಅಳಲಿಲ್ಲ. ಹೊತ್ತು ಇಳಿಯುವುದರೊಳಗೆ ಡಾಬಕಾ ಮುಟ್ಟಬೇಕು, ಮರಿ ಕಾಯುತ್ತಿರುತ್ತವೆ ಎಂದು ಶಿವಕಾಂತ ಹಾಕಿದ ಹಾರ ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿದರು.

ಮರುದಿನ ಬೆಳಿಗ್ಗೆ ಅಂಗಡಿಯ ಷಟರ್ ಅರ್ಧ ಎಳೆದುಕೊಂಡು ಒಳಗೆ ಬಣ್ಣ ಕಲೆಸುತ್ತಿದ್ದೆ. ಷಟರಿನ ಕೆಳಗೆ ರಶೀದ ಅಹ್ಮದನ ಚಪ್ಪಲಿ ಕಂಡವು. ಬಡಿಯುತ್ತಾನೆ ಎಂದು ಅಭ್ಯಾಸದಿಂದ ಹಲ್ಲು ಕಚ್ಚಿದೆ. ಅವನು ಬಡಿಯಲಿಲ್ಲ.

"ಶರಫೋದ್ದೀನ ಭಾಯಿ," ಎಂದು ಹೊರಗಿನಿಂದಲೇ ಕರೆದ, "ಚಹಾ ತಂದೇನಿ. ಒಳಗ ಬರ್ಲೇನ್ರಿ?"