ಮುಟ್ಟಿ ನೋಡುವ ಕೋಣೆ

ಕಣ್ಣು ಕಾಣದವರು ಮುಟ್ಟಿ ನೋಡಲೆಂದು ಮ್ಯೂಸಿಯಂನಲ್ಲಿ ಹೊಸ ಕೋಣೆ ಸಿದ್ಧವಾಗಿತ್ತು. ಅಲ್ಲಿಗೆ ಬರುವವರ ಕೈ ಹಿಡಿದು ವಿವರಿಸಲು ಕಣ್ಣಿಲ್ಲದವರೇ ಒಬ್ಬರು ಬೇಕಾಗಿತ್ತು. ಅದೇ ಮ್ಯೂಸಿಯಂನಲ್ಲಿ ವಿವರಣೆಯ ಫಲಕಗಳನ್ನು ಬರೆಯುತ್ತಿದ್ದ ತಂಗಿ ಮೇಲಧಿಕಾರಿ ಮೇಡಂ ಬೆನ್ನು ಬಿದ್ದು, ಅಕ್ಕನನ್ನು ಪರೀಕ್ಷಿಸಿ ನೋಡಲು ಅವರನ್ನು ಒಪ್ಪಿಸಿದ್ದಳು. ಸಕ್ಕರೆ ಕಾಯಿಲೆ ಕಣ್ಣು ತಿಂದ ಮೇಲೆ ಅಕ್ಕ ಮನೆಯಲ್ಲಿ ಮೂಲೆಗೆ ಸರಿಸಿದ ಸಾಮಾನಾಗಿದ್ದಳು. ಈ ಕೆಲಸವಾದರೂ ಸಿಕ್ಕರೆ ದಿನವೂ ತಲೆ ಬಾಚಿಕೊಂಡು ಹೊರಬೀಳಬಹುದಿತ್ತು.

ಇವತ್ತು ಪರೀಕ್ಷೆ. ಏನನ್ನು ಮುಟ್ಟಿದರೂ ಕೈಗವಸು ಹಾಕಿರಬೇಕೆಂಬುದು ಮ್ಯೂಸಿಯಂನ ಹಳೆಯ ನಿಯಮ. ಮುಟ್ಟಲೆಂದೇ ಮಾಡಿಸಿದ ಅಚ್ಚಿನ ಪ್ರತಿಮೆಗಳಿಗೂ ಅದನ್ನೇ ಅಂಟಿಸಿದ್ದರು. ಅಭ್ಯಾಸದಲ್ಲಿ ಅಕ್ಕ ತಡವರಿಸಿದಾಗಲೆಲ್ಲ ತಂಗಿ ಕೈಗವಸನ್ನೇ ಬೈದಿದ್ದಳು.

"ಮೇಡಂ, ಇದು ಕಂಬಳಿ ಹೊದ್ದು ಸ್ನಾನ ಮಾಡಿದ ಹಾಗೆ. ಇವತ್ತೊಂದು ದಿನ ತೆಗೀಲಿ."

"ಬೇಡ ಬಿಡೇ, ರೂಲು ಅಂದ್ರೆ ರೂಲು," ಎಂದಳು ಅಕ್ಕ.

ಮೇಡಂ ನಕ್ಕು ಒಪ್ಪಿದರು. ಅಕ್ಕ ನಿಧಾನವಾಗಿ ಕೈಗವಸು ಬಿಚ್ಚಿ, ಮುಂದಿದ್ದ ರಾಣಿಯ ಪ್ರತಿಮೆಯ ತಲೆಯ ಮೇಲೆ ಕೈಯಿಟ್ಟಳು.

"ಆಹಾ, ಎಂಥ ಚೂಪು ಮೂಗು!"

ಅವಳ ಬೆರಳು ಕಿವಿಯ ಮೇಲಿತ್ತು. ತಂಗಿ ಮುಂದೆ ಬಾಗಿದಳು.

"ಅಕ್ಕಾ, ಮೂಗು ಈ ಕಡೆ..."

"ನೀನೊಬ್ಬಳು, ಎಲ್ಲದಕ್ಕೂ ಮೂಗು ತೂರಿಸ್ತೀಯ. ಸುಮ್ನಿರು."

ಮೇಡಂ ಮತ್ತೆ ನಕ್ಕರು. ಅಕ್ಕನಿಗೆ ಹುರುಪು ಬಂತು. ಕಿರೀಟದ ಸುತ್ತ ಬೆರಳಾಡಿಸುತ್ತಾ ಹೂವಿನ ಕೆತ್ತನೆಯನ್ನು ಬಣ್ಣಿಸತೊಡಗಿದಳು. ಅಚ್ಚಿನ ಅಂಚನ್ನು ಅಲ್ಲಿ ಯಾರೂ ಉಜ್ಜಿ ನಯಮಾಡಿರಲಿಲ್ಲ. ರಾಣಿಯ ಬಿಳಿ ಕೆನ್ನೆಯ ಮೇಲೆ ಕೆಂಪು ಗೆರೆಯೊಂದು ಇಳಿಯಿತು.

"ಅಯ್ಯೋ, ಕೈ ಕೊಯ್ದಿದೆ!" ಮೇಡಂ ಕೂಗಿದರು.

"ಯಾರದ್ದು?" ಎಂದಳು ಅಕ್ಕ.

ಮೇಡಂ ತಂಗಿಯ ಮುಖ ನೋಡಿದರು. ಅಕ್ಕ ಮೆಲ್ಲಗೆ ಕೈ ಹಿಂದೆಗೆದುಕೊಂಡಳು.

"ಮೊದಲು ಆರೋಗ್ಯ ನೋಡ್ಕೊಳ್ಳಿ. ನಾವೇ ಹೇಳಿ ಕಳಿಸ್ತೀವಿ," ಎಂದರು ಮೇಡಂ. ಆ ಮಾತಿನ ಅರ್ಥ ಇಬ್ಬರಿಗೂ ಗೊತ್ತಿತ್ತು.

ಹೊರಗೆ ಮೆಟ್ಟಿಲ ಮೇಲೆ ತಂಗಿ ಅಕ್ಕನ ಬೆರಳಿಗೆ ಕರವಸ್ತ್ರ ಸುತ್ತಿದಳು. "ಯಾವಾಗಿಂದ ಹೀಗೆ?"

"ಕಣ್ಣು ಹೋದ ಹಿಂದೆಯೇ ಕೈಯ ಸ್ಪರ್ಶಾನೂ ಹೋಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ನಂಗೋಸ್ಕರ ಆ ಕೋಣೆ ಹಿಂದೆ ಬಿದ್ದಿದ್ದೆಯಲ್ಲೇ. ಯಾವ ಬಾಯಲ್ಲಿ ಹೇಳ್ಲಿ?" ಅಕ್ಕ ದನಿ ತಗ್ಗಿಸಿದಳು. "ಮನೇಲಿ ಬಾಯಿ ಬಿಡಬೇಡ. ಗೊತ್ತಾದ್ರೆ ಮಕ್ಕಳು ನನ್ನ ಒಲೆ ಹತ್ರಾನೂ ಸೇರಿಸಲ್ಲ."

ಅವಳ ಮುಂಗೈಯ ಸುಟ್ಟ ಕಲೆಗಳನ್ನು ತಂಗಿ ಮೊದಲ ಸಲವೆಂಬಂತೆ ನೋಡಿದಳು. ಹೇಳಬಹುದಾದ ಮೆತ್ತನೆಯ ಮಾತುಗಳೆಲ್ಲ ನಾಲಿಗೆಯ ತನಕ ಬಂದು ಹೋದವು.

"ಸೇರಿಸಬಾರದು, ಅಕ್ಕ," ಎಂದಳು.

ಅಕ್ಕ ಅವಳ ಹಿಡಿತದಿಂದ ಕೈ ಬಿಡಿಸಿಕೊಂಡು, ಕೋಲು ತಟ್ಟುತ್ತಾ ಒಬ್ಬಳೇ ಮೆಟ್ಟಿಲಿಳಿದಳು.