ಬುತ್ತಿ ಇಸ್ಕಂಡ ಅಂಜಿನಪ್ಪ

"ಕೂಡ್ರಿ ಅಮ್ಮ, ಚಾ ತಗೋರಿ" ಅಂದ ಪೊಲೀಸ್ ಸ್ಟೇಷನ್‌ನ ಹರೇದ ಸಾಹೇಬ. ಚಾ ಅಂತೆ ಚಾ! ನಿನ್ನೆ ಬೆಳಿಗ್ಗೆ ನಿಟ್ಟುವಳ್ಳಿ ಮನೆಯಿಂದ ನನ್ನ ಮಗ ದಿನೇಶನ್ನ ಎಳಕಂಡು ಹೋಗಿ, ಇವತ್ತು ನನಗೆ ಚಾ ಕುಡಿಸ್ತಾನೆ. ಎಂ.ಸಿ.ಸಿ. ಬಡಾವಣೆ ಮನೆಯೊಂದಕ್ಕೆ ದಿನೇಶ ಬಣ್ಣ ಹೊಡೆದಿದ್ದ. ಆ ಮನೆಯಾಗೆ ಬಂಗಾರ ಕಳುವಾಗೈತೆ, ಅದಕ್ಕೆ ಇವನೇ ಕಳ್ಳ. ಮುಗೀತು!

"ನಿಮ್ಮ ಮಗ ಇಲ್ಲಿಲ್ಲಮ್ಮ. ನೋಡ್ರಿ, ಮೂಲೆ ಮೂಲೆಗೆ ಕ್ಯಾಮೆರಾ ಅದಾವೆ. ಈಗೆಲ್ಲ ಯಾರ ಮೇಲೂ ಕೈ ಮಾಡಂಗಿಲ್ಲ."

ಬಾಯಾಗೆ ಬಸಪ್ಪ, ಹೊಟ್ಯಾಗೆ ವಿಷಪ್ಪ. ಹಿಂದೆ ಹೆಂಗಿತ್ತು ಅಂತ ನನಗೆ ಗೊತ್ತಿಲ್ಲೇನು? ಮಿಲ್ ಮುಷ್ಕರದಾಗೆ ನಮ್ಮ ಯಜಮಾನ್ರನ್ನ ಇದೇ ಸ್ಟೇಷನ್‌ನಾಗೆ ಲಾಠೀಲಿ ಚಚ್ಚಿದ್ರು. ಕೂಗು ಬೀದಿಗೆ ಕೇಳ್ತು. ಕೇಳಿದ್ದಕ್ಕೇ ಮಿಲ್ಲಿನ ಜನ ಬಂದು, ಬಾಗಿಲಾಗೆ ಕುಂತು, ಬಿಡಿಸ್ಕಂಡು ಬಂದ್ರು. ಮುರಿದ ಕೈನ ಡಾಕ್ಟ್ರಿಗೆ ತೋರಿಸಿದ್ವಿ. ಅದೇನು ಒಳ್ಳೆ ಕಾಲ ಅಲ್ಲ, ಥೂ! ಆದ್ರೆ ಹೊಡೆದದ್ದು ಕಣ್ಣಿಗೆ ಕಾಣ್ತಿತ್ತು.

ಆಗ ಒಳಗಿದ್ದೋರಿಗೆ ಮನೆಯೋರು ಬುತ್ತಿ ಒಯ್ತಿದ್ವಿ. ಪೊಲೀಸ್ರು ಬುತ್ತಿ ಇಸ್ಕಂಡ್ರೆ ನಮ್ಮೋನು ಒಳಗದಾನೆ ಅಂತ ತಿಳ್ಕಳ್ಳೋದು. ಇವತ್ತೂ ರೊಟ್ಟಿ ಬುತ್ತಿ ಹಿಡ್ಕಂಡೇ ಹೋಗಿದ್ದೆ. ಆ ಸಾಹೇಬ ಮುಟ್ಟಲಿಲ್ಲ.

ಪಕ್ಕದ ಮನೆ ಶಬ್ಬೀರ್ ಆಟೋ ತಂದ. "ತಿಮ್ಮವ್ವಕ್ಕ, ಹರಿಹರದಾಗೆ ಈ ಪೊಲೀಸ್ರದೊಂದು ಹಳೇ ಕ್ವಾರ್ಟರ್ಸ್ ಐತಂತೆ. ಕ್ಯಾಮೆರಾ ಇಲ್ಲದ ಜಾಗ, ಅಲ್ಲಿಗೇ ಒಯ್ತಾರಂತೆ. ಅವ್ನು ಹೆದರಿ ಒಪ್ಕಳ್ಳೋದ್ರೊಳಗೆ ಹೋಗಣ, ನಡೀರಿ."

ನನ್ನ ಹೆದರಿಕೆನೂ ಅದೇ. ಮಾಡದ ಕಳ್ಳತನ ಒಪ್ಕಂಡ್ರೆ ಸಾಯೋತನಕ ಕಳ್ಳ.

ಹರಿಹರದಾಗೆ ಬಾಗಿಲು ತೆಗೆದೋನು ತಲೆ ನರೆತ ಪೇದೆ, ಅಂಜಿನಪ್ಪ ಅಂತ. "ಇಲ್ಲಿ ಯಾರೂ ಇಲ್ಲವ್ವ" ಅಂದ. ನಾನು ಬುತ್ತಿ ಚಾಚಿದೆ. ಹಳೇ ರೂಢಿ ನೋಡ್ರಿ, ಕೈ ತಾನಾಗೇ ಮುಂದೆ ಬಂತು. ಅಂಜಿನಪ್ಪ ಬುತ್ತಿ ಇಸ್ಕಂಡು, ಬಟ್ಟೆ ಮುಟ್ಟಿ ನೋಡಿ, "ರೊಟ್ಟಿನಾ? ಅವನ ಕೈಲಿ ಮುರಿಯಾಕ ಆಗಲ್ಲ. ಅನ್ನ ತರಬಾರದಿತ್ತಾ?" ಅಂದ. ಅಂದ್ಮೇಲೆ ನಾಲಿಗೆ ಕಚ್ಕಂಡ.

"ಯಾರ ಕೈಲಿ ಆಗಲ್ಲೋ? ನಿನ್ನ ಮನೆ ಹಾಳಾಗ! ನನ್ನ ಮಗನ ಕೈಗೆ ಏನು ಮಾಡಿದ್ರಿ?"

ಗಂಟಲು ಹರಿಯೋ ಹಂಗೆ ಕೂಗಿದೆ. ಚಾದಂಗಡಿಯೋರು ಬಂದ್ರು, ಬಸ್ಸಿಗೆ ಹೊಂಟೋರು ನಿಂತ್ರು, ಶಬ್ಬೀರ್ ಮೊಬೈಲ್ ಹಿಡಿದ. ಒಳಗಿದ್ದ ಇನ್ನೊಬ್ಬ ಸಾಹೇಬ ಓಡಿ ಬಂದ.

"ಗಲಾಟೆ ಬ್ಯಾಡ್ರಿ ಅಮ್ಮ. ಸುಮ್ನೆ ವಿಚಾರಣೆಗೆ ಕರೆದಿದ್ವಿ, ಕರ್ಕಂಡು ಹೋಗ್ರಿ. ನೋಡ್ಕಳ್ರಿ, ಮೈಮೇಲೆ ಒಂದು ಗೀರೂ ಇಲ್ಲ."

ನಿಜವೇ ಹೇಳಿದ, ಮುಂಡೇಗಂಡ. ದಿನೇಶ ತನ್ನ ಕಾಲ ಮೇಲೇ ನಡ್ಕಂಡು ಬಂದ. ಬೆನ್ನು, ತೋಳು ಎಲ್ಲಾ ಸವರಿದೆ. ಕೈಬೆರಳು ಮಡಚಾಕ ಆಗ್ತಿಲ್ಲ, ಆದ್ರೂ ಒಂದು ಬಾಸುಂಡೆ ಇಲ್ಲ, ಯಾವ ಡಾಕ್ಟ್ರಿಗೆ ಏನಂತ ತೋರಿಸಲಿ? ಇರಲಿ, ಮಗ ಸಿಕ್ಕನಲ್ಲ, ಒಪ್ಕಳ್ಳೋದ್ರೊಳಗೆ ಬಂದ್ನಲ್ಲ ಅಂತ ಉಸಿರು ಬಿಟ್ಟೆ. ಆಟೋದಾಗೆ ಪಕ್ಕಕ್ಕೆ ಕುಂದ್ರಿಸ್ಕಂಡೆ.

ಅವನ ಕೂದಲು ಹಣೆ ಮೇಲೆ ಬಿದ್ದಿತ್ತು. ಸರಿಸಾಣ ಅಂತ ಕೈ ಎತ್ತಿದೆ.

ದಿನೇಶ ಸೀಟಿನ ಮೂಲೆಗೆ ಮುದುಡಿದ. "ನಾನೇ ಸಾರ್" ಅಂದ, ನನ್ನ ಮುಖ ನೋಡ್ಕೊಂತ. "ಬಂಗಾರ ನಾನೇ ಕದ್ದಿದ್ದು ಸಾರ್."