ದಿನಕ್ಕೆ ಏಳು ಕಾಗದ

ಮೇಯರ್ ಮೇಜಿನ ಮೇಲೆ ದಿನಕ್ಕೆ ಏಳೇ ಕಾಗದ. ಎಂಟನೆಯದು ಹೋಗುವಂತಿರಲಿಲ್ಲ. ಇದು ಪಾಲಿಕೆಯ ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ ಕಾನೂನು, ತಂಗಮ್ಮ ಮಾಡಿದ್ದು. ಮೇಯರ್ ಅವಳ ಒಡಹುಟ್ಟಿದ ಅಣ್ಣ, ಅವಳು ಅವನ ಆಪ್ತ ಸಹಾಯಕಿ. ಅವನು ‘ತಂಗೀ’ ಎಂದು ಕೂಗುವುದನ್ನು ಕೇಳಿ ಕೇಳಿ ಇಡೀ ಕಚೇರಿಗೆ ಅವಳು ತಂಗಮ್ಮ ಆಗಿಬಿಟ್ಟಿದ್ದಳು. ಅವಳಿಗಿಂತ ನಾಲ್ಕು ವರ್ಷ ದೊಡ್ಡವನಾದ ಜವಾನನೂ ಹಾಗೇ ಕರೆಯುತ್ತಿದ್ದ, ಅವಳೂ ಓಗೊಡುತ್ತಿದ್ದಳು.

ಮಾರುಕಟ್ಟೆ ಭವನದ ಛಾವಣಿ ಬಿದ್ದ ಎಂಟನೆಯ ದಿನ ಬೆಳಿಗ್ಗೆ ಅವಳು ಅಣ್ಣನ ಅಂಗಿಯ ಗುಂಡಿ ಸರಿಮಾಡಲು ಬಂದಳು. ಮೇಲಿನ ಗುಂಡಿಯನ್ನು ಎರಡನೆಯ ತೂತಿಗೆ ಸಿಕ್ಕಿಸಿಕೊಂಡು ಅವನು ಕನ್ನಡಿಯ ಮುಂದೆ ನಿಂತಿದ್ದ.

“ಇವತ್ತೇನಿದೆ ತಂಗಿ?”

“ಹನ್ನೊಂದಕ್ಕೆ ಸಭೆ ಅಣ್ಣ.”

“ಯಾವ ವಿಷಯ?”

“ಮಾರುಕಟ್ಟೆ ಛಾವಣಿ ಬಿತ್ತಲ್ಲ. ಅದರದ್ದು.”

ಅವನ ಮುಖ ಬಿಳಿಚಿತು. “ಬಿತ್ತಾ? ಯಾವಾಗ? ಒಳಗೆ ಯಾರಾದ್ರೂ ಇದ್ರಾ?”

“ನಾಲ್ಕು ಜನ ಹೋದ್ರು.”

“ಮೂಲೆಯಲ್ಲಿ ಕೂರ್ತಿದ್ದಳಲ್ಲ, ಮೊಟ್ಟೆಯವಳು?”

“ಅವಳೂ ಹೋದಳು.”

ಅವನು ಹಾಸಿಗೆಯ ಅಂಚಿಗೆ ಕೂತು ಮಗುವಿನ ಹಾಗೆ ಅತ್ತ. ಎಂಟು ದಿನದಿಂದ ದಿನವೂ ಇದೇ. ಉಳಿದವರಿಗೆ ಆ ಛಾವಣಿ ಒಂದೇ ಸಲ ಬಿದ್ದಿತ್ತು, ಅವನಿಗೆ ದಿನ ಬೆಳಗಾದರೆ ಬೀಳುತ್ತಿತ್ತು. ತಂಗಮ್ಮ ಅವನ ಕಣ್ಣು ಒರೆಸಿ, ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿ, ಜೇಬಿಗೆ ಒಂದು ಚೀಟಿ ಇಟ್ಟಳು. ಸಭೆಯಲ್ಲಿ ಅವನು ಏನು ಓದಬೇಕೆಂದು ದಪ್ಪ ಅಕ್ಷರದಲ್ಲಿ ಬರೆದ ಚೀಟಿ.

ಅಣ್ಣ ಮೇಯರ್ ಆದದ್ದು ಅಂಚೆಯವನಾಗಿದ್ದಕ್ಕೆ. ಮೂವತ್ತೊಂದು ವರ್ಷ ಮನೆಮನೆಗೆ ಕಾಗದ ಹಂಚಿದ್ದ. ಯಾವ ಮನೆಯ ಮೆಟ್ಟಿಲು ಸಡಿಲ, ಯಾವ ಮುದುಕಿಗೆ ಕಾಗದ ಓದಿ ಹೇಳಬೇಕು, ಎಲ್ಲ ಅವನಿಗೆ ಬಾಯಿಪಾಠ. ನಿವೃತ್ತನಾದಾಗ ಜನರೇ ಹೊತ್ತುಕೊಂಡು ಹೋಗಿ ಚುನಾವಣೆಗೆ ನಿಲ್ಲಿಸಿದರು. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಕಾಗದವನ್ನೂ ತಪ್ಪು ಬಾಗಿಲಿಗೆ ಹಾಕಿಲ್ಲ ಎಂಬುದು ಅವನು ಮಾಡಿದ ಒಂದೇ ಚುನಾವಣಾ ಭಾಷಣ. ಅಷ್ಟಕ್ಕೇ ಗೆದ್ದ.

ಮೂರು ವರ್ಷದ ಹಿಂದೆ ಅತ್ತಿಗೆ ತೀರಿಕೊಂಡಳು. ಆಮೇಲೆ ಅಣ್ಣನ ನೆನಪು ಒಂದೊಂದಾಗಿ ಕಳಚತೊಡಗಿತು. ಮೊದಲು ಹೆಸರುಗಳು, ಆಮೇಲೆ ದಿನಗಳು. ಯಾರಿಗೂ ಗೊತ್ತಾಗಬಾರದೆಂದು ತಂಗಮ್ಮ ಅವನನ್ನು ದೂರದ ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು, “ಇದು ವಾಸಿಯಾಗೋದಲ್ಲಮ್ಮ, ಹೆಚ್ಚಾಗೋದು” ಎಂದು ಹೇಳಿ ಕೈತೊಳೆದುಕೊಂಡರು. ಬಸ್ಸಿನಲ್ಲಿ ವಾಪಸ್ ಬರುವಾಗ ಅಣ್ಣ ಕಿಟಕಿಯ ಹೊರಗೆ ನೋಡುತ್ತ, “ಈ ಊರ ಕೆಲಸ ಒಂದಿಲ್ಲದಿದ್ರೆ ನಾನು ಬೆಳಿಗ್ಗೆ ಯಾಕೆ ಏಳಬೇಕು ಹೇಳು” ಎಂದ. ಏಳು ಕಾಗದದ ಕಾನೂನು ಹುಟ್ಟಿದ್ದು ಆ ಬಸ್ಸಿನಲ್ಲಿ.

ಏಳೆಂದರೆ ಅವನು ಸುಸ್ತಾಗದಷ್ಟು. ಶಾಲೆಯ ಮಕ್ಕಳ ಧನ್ಯವಾದದ ಪತ್ರ, ಒಂದೆರಡು ಆಮಂತ್ರಣ, ಪಾರ್ಕಿನ ಬೆಂಚಿಗೆ ಹಸಿರು ಬಣ್ಣವೋ ನೀಲಿಯೋ ಎಂಬಂಥ ಒಂದು ತೀರ್ಮಾನ. ಉಳಿದ ಮೂವತ್ತು ನಲವತ್ತು ಕಾಗದಗಳಿಗೆ ತಂಗಮ್ಮನೇ ಷರಾ ಬರೆದು, ಕೆಳಗೆ ಅಣ್ಣನ ಸಹಿ ಹಾಕುತ್ತಿದ್ದಳು. ಸಹಿ ಅವಳಿಗೆ ನೀರು ಕುಡಿದಷ್ಟು ಸುಲಭ. ಶಾಲೆಯಲ್ಲಿ ಅವನ ಕಾಪಿ ಪುಸ್ತಕ ಬರೆದುಕೊಡುತ್ತಿದ್ದವಳೂ ಅವಳೇ. ಈಗೀಗ ಅಣ್ಣನ ಸಹಿಗಿಂತ ಅವಳು ಹಾಕಿದ್ದೇ ಅಣ್ಣನ ಸಹಿಯ ಹಾಗೆ ಕಾಣುತ್ತಿತ್ತು.

ಪ್ರೀತಿಯಿಂದ ಮಾಡಿದಳು, ನಿಜ. ಆದರೆ ಪ್ರೀತಿಯೊಂದೇ ಎಂದರೆ ಸುಳ್ಳಾದೀತು. ಮೂವತ್ತು ವರ್ಷ ಬೇರೆಯವರು ಹೇಳಿದ್ದನ್ನು ಟೈಪು ಮಾಡಿದ್ದವಳು ‘ಆಗಲಿ’ ಎಂದು ಬರೆದ ಕೂಡಲೇ ಒಂದು ಬೀದಿಗೆ ದೀಪ ಬರುತ್ತಿತ್ತು. ಅದರ ರುಚಿ ಅವಳಿಗೆ ಹತ್ತಿತ್ತು. ಕೆಲವು ಸಂಜೆ ಆ ಬೀದಿಯಲ್ಲಿ ಸುತ್ತು ಬಳಸಿ ಮನೆಗೆ ಹೋಗುತ್ತಿದ್ದಳು.

ಆರು ತಿಂಗಳ ಹಿಂದೆ, ಔಷಧಿ ಅಂಗಡಿಯ ಯಜಮಾನ, ಅವನೂ ಒಬ್ಬ ಸದಸ್ಯ, ಸಭೆಯಲ್ಲಿ ಒಂದು ಪ್ರಸ್ತಾಪ ತಂದ. ಮೇಯರಿಗೆ ನೆರವಾಗಲು ಆಡಳಿತ ಕಲಿತ ಮ್ಯಾನೇಜರ್ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಬೇಕು ಎಂದು. “ಮೇಯರು ಒಳ್ಳೆಯವರು ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯತನದಿಂದ ಚರಂಡಿ ಹರಿಯಲ್ಲ. ಯಾವ ಕಾಗದ ಎಲ್ಲಿಗೆ ಹೋಗುತ್ತೆ, ಯಾರು ನೋಡ್ತಾರೆ, ನನಗಂತೂ ಗೊತ್ತಾಗ್ತಿಲ್ಲ” ಎಂದ. ಮ್ಯಾನೇಜರ್ ಬಂದರೆ ಮೊದಲ ವಾರದಲ್ಲೇ ಅಣ್ಣನ ಸ್ಥಿತಿ ಬಯಲಾಗುತ್ತದೆ. ಆ ರಾತ್ರಿಯೇ ತಂಗಮ್ಮ ಅಣ್ಣನ ಭಾಷಣ ಬರೆದಳು. ಮರುದಿನ ಅವನು ಅದನ್ನು ಸೊಗಸಾಗಿ ಓದಿದ. “ಈ ಊರು ಕಂಪನಿಯಲ್ಲ, ಮನೆ. ಸಂಬಳಕ್ಕೆ ಬಂದವನಿಗೆ ಮನೆಯ ಬಾಗಿಲು ಎಷ್ಟು, ಕಿಟಕಿ ಎಷ್ಟು ಎಂದು ಗೊತ್ತಾಗಬಹುದು. ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಗೊತ್ತಾಗುವುದಿಲ್ಲ.”

ಸದಸ್ಯರು ಮೇಜು ಕುಟ್ಟಿದರು. ಹನ್ನೊಂದು ಮತಗಳಿಗೆ ಎದುರಾಗಿ ಹನ್ನೆರಡು ಬಂದು ಪ್ರಸ್ತಾಪ ಬಿದ್ದುಹೋಯಿತು. ಊರಿಗೆ ಮ್ಯಾನೇಜರ್ ಬೇಕೋ ಬೇಡವೋ ಎಂದು ಇಪ್ಪತ್ತಮೂರು ಜನ ಗಂಟಲು ಹರಿದುಕೊಳ್ಳುತ್ತಿರುವಾಗ ಮ್ಯಾನೇಜರ್ ಮೂಲೆಯ ಕುರ್ಚಿಯಲ್ಲಿ ಕೂತು ಕಡತಕ್ಕೆ ದಾರ ಕಟ್ಟುತ್ತಿದ್ದಳು. ತಂಗಮ್ಮ ಓದಿದ್ದು ಹತ್ತನೆಯ ತರಗತಿ.

ಕೆಲಸ ಬೇಗ ಸಾಗಲೆಂದು ಅವಳದೊಂದು ಪದ್ಧತಿಯಿತ್ತು. ಕಾಗದದ ‘ವಿಷಯ’ ಎಂಬ ಸಾಲನ್ನಷ್ಟೇ ಓದುವುದು. ಕಸ ಎಂದಿದ್ದರೆ ಆರೋಗ್ಯ ವಿಭಾಗಕ್ಕೆ. ಗೋಡೆ, ಕೊಳವೆ, ಛಾವಣಿ ಎಂದಿದ್ದರೆ, ‘ಇಂಜಿನಿಯರ್ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಿ.’ ಕೆಳಗೆ ಸಹಿ. ಒಂದು ಕಾಗದಕ್ಕೆ ಅರ್ಧ ನಿಮಿಷ.

ಅದೊಂದು ಕಾಗದದ ವಿಷಯ, ‘ಮಾರುಕಟ್ಟೆ ಭವನದ ಛಾವಣಿ’. ಅವಳು ಷರಾ ಬರೆದಳು, ಇಂಜಿನಿಯರಿಗೆ ಕಳಿಸಿದಳು. ಬರೆದವನು ಇಂಜಿನಿಯರೇ ಎಂದು ನೋಡಲಿಲ್ಲ. ತೊಲೆಗಳು ಬಿರುಕುಬಿಟ್ಟಿವೆ, ಭವನವನ್ನು ಕೂಡಲೇ ಮುಚ್ಚಬೇಕು, ಮುಚ್ಚುವ ಅಧಿಕಾರ ಮೇಯರಿಗೆ ಮಾತ್ರ ಇದೆ, ದಯವಿಟ್ಟು ಆದೇಶ ಕೊಡಿ ಎಂದು ಅವನು ಬರೆದಿದ್ದ. ಹತ್ತು ದಿನ ಬಿಟ್ಟು ಅದನ್ನೇ ಮತ್ತೆ ಮೇಲಕ್ಕೆ ಕಳಿಸಿದ. ಮತ್ತೆ ಅದೇ ಷರಾ. ಮೂರನೆಯ ಸಲವೂ ಅದೇ. ಇಂಜಿನಿಯರ್ ಮೆತ್ತಗಿನ ಮನುಷ್ಯ. ಮೇಯರಿಗೆ ತನ್ನ ಮೇಲೆ ಸಿಟ್ಟು ಬಂದಿದೆ, ಇನ್ನು ಕೇಳಿದರೆ ಚೆನ್ನಾಗಿರದು ಎಂದುಕೊಂಡು ನಾಲ್ಕು ಕಡೆ ತೊಲೆಗಳಿಗೆ ಬಿದಿರಿನ ಆಸರೆ ಕೊಡಿಸಿ ಸುಮ್ಮನಾದ. ಅವನ ಅಧಿಕಾರ ಅಷ್ಟಕ್ಕೇ ಇತ್ತು.

ಮೊಟ್ಟೆಯವಳು ಕೂಡ ಹೇಳಿದ್ದಳು. ವಾರಕ್ಕೊಮ್ಮೆ ತಂಗಮ್ಮ ಅವಳ ಹತ್ತಿರ ಒಂದು ಡಜನ್ ಕೊಳ್ಳುತ್ತಿದ್ದಳು. “ನೋಡಿ ತಂಗಮ್ಮ, ಮೊಟ್ಟೆ ಮೇಲೆಲ್ಲ ಸುಣ್ಣದ ಪುಡಿ ಬೀಳ್ತಿದೆ. ದಿನಾ ಒರೆಸಿ ಒರೆಸಿ ನನ್ನ ಕೈಯೇ ಬಿಳೀ ಆಗಿದೆ” ಎಂದು ಅಂಗೈ ತೋರಿಸಿದ್ದಳು. ತಂಗಮ್ಮ, “ಒಂದು ಅರ್ಜಿ ಕೊಡು, ನೋಡೋಣ” ಎಂದಿದ್ದಳು. ಮೊಟ್ಟೆಯವಳು ನಕ್ಕು, ಒಡೆದುಹೋಗದಂತೆ ಕಾಗದ ಸುತ್ತಿ ಕೊಟ್ಟಿದ್ದಳು. ಅವಳನ್ನು ಹೊರಗೆ ತೆಗೆದಾಗ ಕೈ ಮಾತ್ರವಲ್ಲ, ಮೈಯೆಲ್ಲ ಬಿಳಿಯಾಗಿತ್ತು.

ಹನ್ನೊಂದಕ್ಕೆ ಸಭಾಂಗಣ ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಮೊಟ್ಟೆಯವಳ ಗಂಡ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದ. ತಂಗಮ್ಮ ಅವನತ್ತ ನೋಡದೆ ತನ್ನ ಮೂಲೆಯ ಕುರ್ಚಿಗೆ ಹೋದಳು.

ಔಷಧಿ ಅಂಗಡಿಯವನು ಎದ್ದು ಆ ಕಾಗದವನ್ನು ಮೇಯರ್ ಮುಂದೆ ಇಟ್ಟ. “ಇಂಜಿನಿಯರು ಮೂರು ಸಲ ಎಚ್ಚರಿಸಿದ್ದಾರೆ. ಮೂರು ಸಲವೂ ಅವರಿಗೇ ವಾಪಸ್ ಹೋಗಿದೆ. ಕೆಳಗೆ ನಿಮ್ಮ ಸಹಿ. ಏನು ಹೇಳ್ತೀರಿ?”

ಅಣ್ಣ ಜೇಬಿನಿಂದ ಚೀಟಿ ತೆಗೆದ. ಚೀಟಿಯಲ್ಲಿ ಇದ್ದದ್ದು ಇಷ್ಟು: ಕ್ರಮ ಕೈಗೊಳ್ಳಲು ನಾನು ಸ್ಪಷ್ಟವಾಗಿ ಬರೆದಿದ್ದೇನೆ, ಇಂಜಿನಿಯರ್ ಕೈಗೊಳ್ಳಲಿಲ್ಲ. ಅಣ್ಣ ಉಳಿಯಬೇಕಾದರೆ ಯಾರಾದರೂ ಮುಳುಗಬೇಕಿತ್ತು. ಬರೆಯುವಾಗ ತಂಗಮ್ಮ ಒಂದು ಅಕ್ಷರವನ್ನೂ ಹೊಡೆದುಹಾಕಿರಲಿಲ್ಲ. ಅದನ್ನು ನೆನೆದರೆ ಈಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

“ಕ್ರಮ ಕೈಗೊಳ್ಳಲು ನಾನು ಸ್ಪಷ್ಟವಾಗಿ ಬರೆದಿದ್ದೇನೆ” ಎಂದು ಓದಿ ಅವನು ನಿಲ್ಲಿಸಿದ. ಮುಂದಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡ. ತಲೆಯೆತ್ತಿ, ಗೋಡೆಗೆ ಒರಗಿ ನಿಂತಿದ್ದ ಇಂಜಿನಿಯರನ್ನು ನೋಡಿದ. ಆಮೇಲೆ ಚೀಟಿಯನ್ನು ಮಡಚಿ ಮೇಜಿನ ಮೇಲಿಟ್ಟ.

“ಇದನ್ನ ಯಾರು ಬರೆದರೋ ಗೊತ್ತಿಲ್ಲ, ಆದರೆ ಸರಿಯಿಲ್ಲ. ಕಾಗದ ನನಗೆ ಬಂದಿದೆ, ಸಹಿ ನನ್ನದು ಅಂತೀರಿ. ಅಂದಮೇಲೆ ನಾನು ನೋಡಿರ್ತೀನಿ. ಬಾಗಿಲು ಹಾಕಿಸಬೇಕಾದವನು ನಾನು. ಈ ಹುಡುಗನದೇನೂ ತಪ್ಪಿಲ್ಲ. ಏನು ಶಿಕ್ಷೆಯೋ ನನಗೇ ಆಗಲಿ.”

ಸಭೆಯಲ್ಲಿ ಗದ್ದಲವೆದ್ದಿತು. ಬಾಗಿಲ ಬಳಿ ನಿಂತಿದ್ದ ಪೊಲೀಸ್ ಅಧಿಕಾರಿ ನೆಟ್ಟಗಾದ. ತಂಗಮ್ಮ ಯಾವಾಗ ಎದ್ದು ನಿಂತಳೋ ಅವಳಿಗೇ ತಿಳಿಯಲಿಲ್ಲ.

“ಅವರು ನೋಡಿಲ್ಲ. ಆ ಕಾಗದ ಅವರ ಮೇಜಿಗೆ ಹೋಗಲೇ ಇಲ್ಲ. ಷರಾ ಬರೆದಿದ್ದು ನಾನು, ಸಹಿ ಹಾಕಿದ್ದು ನಾನು. ಎರಡು ವರ್ಷದಿಂದ ನಾನೇ ಹಾಕ್ತಿದ್ದೀನಿ.”

ಔಷಧಿ ಅಂಗಡಿಯವನೇ ಮೆಲ್ಲಗೆ, “ಕೂತ್ಕೊಳ್ಳಿ ತಂಗಮ್ಮ. ಅಣ್ಣನ ಮೇಲೆ ನಿಮಗೆ ಎಷ್ಟು ಪ್ರೀತಿ ಅಂತ ಊರಿಗೇ ಗೊತ್ತು” ಎಂದ.

ಅಣ್ಣನೂ ನಕ್ಕ. “ಇವಳು ಚಿಕ್ಕಂದಿನಿಂದ ಹೀಗೇ. ಅಪ್ಪನ ಗಡಿಯಾರ ಒಡೆದಿದ್ದು ನಾನು, ಏಟು ತಿಂದಿದ್ದು ಇವಳು. ಇವಳ ಮಾತು ಯಾರೂ ನಂಬಬೇಡಿ.”

ಯಾರೂ ನಂಬುವಂತೆಯೂ ಕಾಣಲಿಲ್ಲ. ಈಗ ಸುಮ್ಮನೆ ಕೂತಿದ್ದರೆ ಅವಳು ಬಚಾವ್. ಅಣ್ಣ ಕಂಬಿ ಎಣಿಸುತ್ತಾನೆ, ಯಾಕೆ ಎಣಿಸುತ್ತಿದ್ದೇನೆ ಎಂದು ದಿನವೂ ಬೆಳಿಗ್ಗೆ ಕೇಳುತ್ತಾನೆ, ಹೇಳಲು ಪಕ್ಕದಲ್ಲಿ ಅವಳಿರುವುದಿಲ್ಲ. ಬಾಯಿಬಿಟ್ಟು ಸಾಬೀತು ಮಾಡಿದರೆ, ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದ ಅವನ ಮರ್ಯಾದೆ ಈ ಜನರೆದುರು ಬೆತ್ತಲಾಗುತ್ತದೆ. ಅವಳು ಹಿಂದಿನ ಬೆಂಚಿನತ್ತ ನೋಡಿದಳು. ಮೊಟ್ಟೆಯವಳ ಗಂಡ ಅವಳನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ. ತನ್ನ ಸರದಿ ಯಾವಾಗ ಬರುತ್ತದೋ ಎಂದು ಕಾಯುತ್ತಿರುವವನಂತೆ.

ಅವಳು ಮೇಯರ್ ಮೇಜಿಗೆ ನಡೆದು, ಚೀಟಿಯ ಹಿಂಬದಿಯಲ್ಲಿ ಮೂರು ಸಲ ಅಣ್ಣನ ಸಹಿ ಹಾಕಿ ಔಷಧಿ ಅಂಗಡಿಯವನ ಕೈಗೆ ಕೊಟ್ಟಳು. ಅವನು ಕಾಗದದ ಪಕ್ಕ ಇಟ್ಟು ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

“ಮತ್ತೆ ಮೇಯರು... ಎರಡು ವರ್ಷ... ಇವರಿಗೆ ಗೊತ್ತಾಗಲಿಲ್ವೇ?”

“ಅವರನ್ನೇ ಕೇಳಿ. ಇವತ್ತು ಯಾವ ವಾರ ಅಂತ ಕೇಳಿ ಸಾಕು” ಎಂದಳು ತಂಗಮ್ಮ. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ತಡೆಯಲಾಗಲಿಲ್ಲ.

ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಅಣ್ಣ ಅಷ್ಟರಲ್ಲಿ ಇಂಜಿನಿಯರನ ಕಾಗದವನ್ನು ಎತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ಕಳಿಸಿದ ತಾರೀಖು, ವಾಪಸ್ ಬಂದ ತಾರೀಖು, ಒಂದೊಂದನ್ನೇ ಬೆರಳಿಟ್ಟು ಓದುತ್ತಿದ್ದ. ಸಭೆ, ಜನ, ಪೊಲೀಸ್, ಯಾವುದೂ ಅವನ ಗಮನದಲ್ಲಿರಲಿಲ್ಲ. ಮೂವತ್ತೊಂದು ವರ್ಷ ಮಾಡಿದ ಕೆಲಸದ ಗತ್ತು ಅವನ ಮುಖದ ಮೇಲೆ ಮರಳಿ ಬಂದಿತ್ತು.

“ಮೂರು ಸಲ ಕಳಿಸಿದ್ದಾರೆ, ಮೂರು ಸಲವೂ ಬರೆದವರಿಗೇ ವಾಪಸ್ಸಾಗಿದೆ” ಎಂದು ಅವನು ತಂಗಿಯ ಕಡೆ ತಿರುಗಿದ. “ಇಷ್ಟು ದಿನ ಈ ವಿಳಾಸದವರು ಮನೆಯಲ್ಲಿ ಇರಲಿಲ್ವೇನಮ್ಮ?”

“ಇರಲಿಲ್ಲ ಅಣ್ಣ” ಎಂದಳು ತಂಗಮ್ಮ.

“ಪಾಪ” ಎಂದು ಅವನು ಆ ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮಡಚಿ, ಹಿಂದಿನ ಬೆಂಚಿನವರೆಗೂ ನಡೆದುಹೋಗಿ, ಕಾದಿದ್ದ ವಿಳಾಸದವರಿಗೆ ಕೊಡುವಂತೆ, ಮೊಟ್ಟೆಯವಳ ಗಂಡನ ಕೈಯಲ್ಲಿಟ್ಟ.